ಸ್ನಾನಗೃಹಕ್ಕೆ ಎಕ್ಸಾಸ್ಟ್ ಫ್ಯಾನ್: ಕೊಳ್ಳುವ ಮುನ್ನ ಅಳತೆ ತಿಳಿಯಿರಿ

ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಬಿಸಿಲಿಗೆ ಹೆಸರಾದ ಊರುಗಳು. ಬೇಸಿಗೆಯಲ್ಲಿ ಇಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸದಲ್ಲ. ಇಂತಹ ಒಣ ಹವೆಯ ಪ್ರದೇಶದಲ್ಲಿ ಸ್ನಾನಗೃಹದ ತೇವಾಂಶ ಹೊರಹಾಕಲು ಫ್ಯಾನ್ ಏಕೆ ಬೇಕು ಎಂಬ ಪ್ರಶ್ನೆ ಸಹಜ.

ಉತ್ತರ ಮನೆಯ ರಚನೆಯಲ್ಲಿದೆ. ಹಳೆಯ ಮನೆಗಳಲ್ಲಿ ಬಚ್ಚಲು ಹಿತ್ತಲಿಗೆ ಹೊಂದಿಕೊಂಡಿರುತ್ತಿತ್ತು. ನೀರೊಲೆಯ ಹೊಗೆ ಹೋಗಲು ಬಿಟ್ಟ ಕಿಂಡಿಯೇ ಹಬೆಗೂ ದಾರಿಯಾಗುತ್ತಿತ್ತು. ಇಂದು ಪಟ್ಟಣದ ಚಿಕ್ಕ ನಿವೇಶನಗಳಲ್ಲಿ ಪಕ್ಕದ ಮನೆಗೆ ಗೋಡೆ ತಾಗಿಸಿ ಕಟ್ಟುವುದರಿಂದ, ಮಲಗುವ ಕೋಣೆಗೆ ಅಂಟಿಕೊಂಡ ಸ್ನಾನಗೃಹಕ್ಕೆ ಕಿಟಕಿಯೇ ಇಲ್ಲದಿರಬಹುದು. ಹೊರಗೆ ಹವೆ ಎಷ್ಟೇ ಒಣಗಿದ್ದರೂ ಅದು ಒಳಗೆ ಬಾರದಿದ್ದರೆ ಪ್ರಯೋಜನವಿಲ್ಲ. ಮಳೆಗಾಲ ಮತ್ತು ಚಳಿಗಾಲದಲ್ಲಿ ಗೋಡೆಯ ಮೂಲೆಯಲ್ಲಿ ಕಪ್ಪು ಬೂಷ್ಟು, ಹಪ್ಪಳದಂತೆ ಏಳುವ ಬಣ್ಣ, ಉಬ್ಬಿದ ಬಾಗಿಲು ಇದರ ಲಕ್ಷಣಗಳು.

ಲೆಕ್ಕ ಹೀಗೆ

ಕೋಣೆಯ ಉದ್ದ, ಅಗಲ, ಎತ್ತರಗಳನ್ನು ಗುಣಿಸಿದರೆ ಗಾಳಿಯ ಪ್ರಮಾಣ ಸಿಗುತ್ತದೆ. 6 ಅಡಿ ಉದ್ದ, 5 ಅಡಿ ಅಗಲ, 9 ಅಡಿ ಎತ್ತರದ ಕೋಣೆಯಲ್ಲಿ 270 ಘನ ಅಡಿ, ಅಂದರೆ ಸುಮಾರು 7.6 ಘನ ಮೀಟರ್ ಗಾಳಿ ಇರುತ್ತದೆ. ಗಂಟೆಗೆ 10 ಬಾರಿ ಈ ಗಾಳಿ ಬದಲಾಗಲು 76 ಘನ ಮೀಟರ್, 15 ಬಾರಿ ಬದಲಾಗಲು 114 ಘನ ಮೀಟರ್ ಸಾಮರ್ಥ್ಯ ಬೇಕು. ಈ ಅಂಕಿಯನ್ನು ಫ್ಯಾನಿನ ಪೆಟ್ಟಿಗೆಯ ಮೇಲೆ ಮುದ್ರಿಸಿದ ಸಾಮರ್ಥ್ಯದೊಂದಿಗೆ ಹೋಲಿಸಬೇಕು. ಸಾಮಾನ್ಯ ಅಳತೆಯ ಸ್ನಾನಗೃಹಕ್ಕೆ 6 ಇಂಚಿನ ಫ್ಯಾನ್ ಧಾರಾಳವಾಗಿ ಸಾಕು. ಅಡುಗೆಮನೆಗೆ ಹಾಕುವ 12 ಇಂಚಿನ ಫ್ಯಾನನ್ನು ಇಲ್ಲಿ ಹಾಕಿದರೆ ಸದ್ದು ಹೆಚ್ಚು, ಲಾಭ ಕಡಿಮೆ.

ಮುದ್ರಿತ ಸಾಮರ್ಥ್ಯ ಅಡೆತಡೆಯಿಲ್ಲದ ಸ್ಥಿತಿಗೆ ಸಂಬಂಧಿಸಿದ್ದು ಎಂಬುದು ನೆನಪಿರಲಿ. ಉದ್ದನೆಯ ಕೊಳವೆ, ತಿರುವು, ಜಾಲರಿ ಇದ್ದರೆ ಅದು ಇಳಿಯುತ್ತದೆ. ಕೊಳವೆಯ ಮೂಲಕವೇ ಗಾಳಿ ಸಾಗಿಸಬೇಕಾದಲ್ಲಿ ಅದಕ್ಕೆಂದೇ ತಯಾರಾದ ಫ್ಯಾನ್ ಕೇಳಿ ಪಡೆಯಬೇಕು.

ಗೋಡೆ ಮತ್ತು ಜಾಗ

ಈ ಭಾಗದ ಹಳೆಯ ಮನೆಗಳಲ್ಲಿ ಕಲ್ಲಿನ ದಪ್ಪ ಗೋಡೆ ಕೊರೆಯುವುದೇ ದೊಡ್ಡ ಕೆಲಸ. ಅಂಥಲ್ಲಿ ಬೆಳಕಿಂಡಿಯ ಗಾಜಿನ ಒಂದು ಭಾಗ ತೆಗೆದು ಹಲಗೆಯ ಮೇಲೆ ಫ್ಯಾನ್ ಕೂರಿಸುವುದು ಸುಲಭ. ಫ್ಯಾನ್ ಬಾಗಿಲಿನಿಂದ ದೂರದಲ್ಲಿ, ಛಾವಣಿಗೆ ಸಮೀಪದಲ್ಲಿರಬೇಕು. ಗಾಳಿ ನೇರವಾಗಿ ಹೊರಗೇ ಹೋಗಬೇಕು. ಎರೆ ಭೂಮಿಯ ಧೂಳು ಒಳನುಗ್ಗದಂತೆ, ಫ್ಯಾನ್ ನಿಂತಾಗ ತಾನೇ ಮುಚ್ಚಿಕೊಳ್ಳುವ ರೆಕ್ಕೆಗಳಿರುವ ಮಾದರಿ ಇಲ್ಲಿಗೆ ಸೂಕ್ತ.

ಹೊರಹೋದಷ್ಟೇ ಗಾಳಿ ಒಳಬರಬೇಕು. ಬಾಗಿಲಿನ ಕೆಳಗೆ ಮುಕ್ಕಾಲು ಇಂಚಿನಷ್ಟಾದರೂ ಸಂದು ಇಲ್ಲದಿದ್ದರೆ ಎಂತಹ ಫ್ಯಾನೂ ಸುಮ್ಮನೆ ತಿರುಗುತ್ತದೆ.

ಗ್ಯಾಸ್ ಗೀಸರ್ ಇದ್ದರೆ ಎಚ್ಚರ

ಎಲ್ಲಕ್ಕಿಂತ ಮುಖ್ಯವಾದ ವಿಷಯ ಇದು. ಸ್ನಾನಗೃಹದೊಳಗೆ ಗ್ಯಾಸ್ ಗೀಸರ್ ಇಟ್ಟು, ಎಕ್ಸಾಸ್ಟ್ ಫ್ಯಾನ್ ಇದೆಯೆಂದು ನಿಶ್ಚಿಂತರಾಗುವುದು ಪ್ರಾಣಾಪಾಯಕಾರಿ. ಸಾಕಷ್ಟು ಆಮ್ಲಜನಕ ಸಿಗದೆ ಗ್ಯಾಸ್ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಉಂಟಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನ ಮಾಡುತ್ತಿರುವವರಿಗೆ ಅರಿವಾಗುವ ಮುನ್ನವೇ ಪ್ರಜ್ಞೆ ತಪ್ಪಬಹುದು. ವಿದ್ಯುತ್ ಹೋದೊಡನೆ ಫ್ಯಾನ್ ನಿಲ್ಲುತ್ತದೆ. ಬ್ಯಾಟರಿಯಿಂದ ಹೊತ್ತಿಕೊಳ್ಳುವ ಗೀಸರ್ ಮಾತ್ರ ಉರಿಯುತ್ತಲೇ ಇರುತ್ತದೆ. ಗೀಸರಿಗೆ ಹೊಗೆಕೊಳವೆ ಇದ್ದರೂ, ಹೊಸ ಗಾಳಿಗೆ ದಾರಿಯಿಲ್ಲದ ಕೋಣೆಯಲ್ಲಿ ಫ್ಯಾನಿನ ಸೆಳೆತಕ್ಕೆ ಆ ವಿಷಾನಿಲ ಮರಳಿ ಒಳಬರುವ ಸಾಧ್ಯತೆಯುಂಟು. ಆದ್ದರಿಂದ ಗ್ಯಾಸ್ ಗೀಸರ್ ಮತ್ತು ಸಿಲಿಂಡರ್ ಎರಡೂ ಸ್ನಾನಗೃಹದ ಹೊರಗೆ, ಗಾಳಿಯಾಡುವ ತೆರೆದ ಸ್ಥಳದಲ್ಲಿರಲಿ. ಬಿಸಿನೀರು ಮಾತ್ರ ನಳಿಕೆಯಲ್ಲಿ ಒಳಗೆ ಬರಲಿ.

ಖರ್ಚು, ನಿರ್ವಹಣೆ

30 ವಾಟ್‌ನ ಫ್ಯಾನ್ ದಿನಕ್ಕೆ 1 ಗಂಟೆ ಓಡಿದರೆ 30 ದಿನಗಳಿಗೆ ತಗಲುವುದು 0.9 ಯೂನಿಟ್ ವಿದ್ಯುತ್ ಮಾತ್ರ. ಹಾಗಾಗಿ ಸ್ನಾನವಾದ ಬಳಿಕವೂ 15ರಿಂದ 20 ನಿಮಿಷ ಓಡಿಸಲು ಹಿಂಜರಿಯಬೇಕಿಲ್ಲ. ಸ್ವಿಚ್ ಸ್ನಾನಗೃಹದ ಹೊರಗಿರಲಿ, ಅರ್ಥಿಂಗ್ ಸರಿಯಿರಲಿ. ಸೋರಿಕೆ ವಿದ್ಯುತ್ತನ್ನು ತಡೆಯುವ 30 ಮಿಲಿ ಆಂಪಿಯರ್‌ನ ಸಾಧನ ಮನೆಯ ಸಂಪರ್ಕಕ್ಕೆ ಇದ್ದರೆ ಉತ್ತಮ. ನೀರು ಸಿಡಿದರೂ ಕೆಡದ ಮೋಟಾರ್ ಮತ್ತು ತುಕ್ಕು ಹಿಡಿಯದ ಪ್ಲಾಸ್ಟಿಕ್ ಕವಚ ಬಾಳಿಕೆ ಬರುತ್ತವೆ. ಎರಡು ತಿಂಗಳಿಗೊಮ್ಮೆ ವಿದ್ಯುತ್ ಸಂಪರ್ಕ ತಪ್ಪಿಸಿ ರೆಕ್ಕೆಗಳ ಧೂಳು ಒರೆಸಬೇಕು.

ಫ್ಯಾನ್ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಸುಲಭ ಉಪಾಯವೊಂದಿದೆ. ಬಾಗಿಲು ಮುಚ್ಚಿ, ಫ್ಯಾನ್ ಹಾಕಿ, ಜಾಲರಿಯ ಬಳಿ ತೆಳುವಾದ ಕಾಗದದ ಚೂರು ಹಿಡಿಯಿರಿ. ಅದು ಅಂಟಿಕೊಂಡು ನಿಂತರೆ ಗಾಳಿ ಹೊರಹೋಗುತ್ತಿದೆ. ಕೆಳಗೆ ಬಿದ್ದರೆ ಫ್ಯಾನ್ ಬದಲಿಸುವ ಮೊದಲು ಬಾಗಿಲಿನ ಸಂದನ್ನು ನೋಡುವುದು ಒಳಿತು.