ಹಿಟ್ ಹಾಡಿನ ಬೆನ್ನಿಗೆ ಬಂದ ಒಂದು ದಿನದ ಆಲ್ಬಂ

ಬೀಟಲ್ಸ್ ತಂಡದ ಚೊಚ್ಚಲ ಆಲ್ಬಂನ ಹೊದಿಕೆಯನ್ನು ಗಮನಿಸಿದರೆ ಪಾಪ್ ಸಂಗೀತದ ವ್ಯಾಪಾರ ಸೂತ್ರವೇ ಅಲ್ಲಿ ಅಚ್ಚಾಗಿರುವುದು ಕಾಣುತ್ತದೆ. ದೊಡ್ಡ ಅಕ್ಷರಗಳಲ್ಲಿ ‘ಪ್ಲೀಸ್ ಪ್ಲೀಸ್ ಮಿ’ ಎಂಬ ಶೀರ್ಷಿಕೆ. ಜತೆಗೆ ‘ಲವ್ ಮಿ ಡೂ’ ಮತ್ತು ಇತರ 12 ಹಾಡುಗಳಿವೆ ಎಂಬ ಒಕ್ಕಣೆ. ಜನ ಆಗಲೇ ಕೇಳಿದ್ದ ಎರಡು ಹಾಡುಗಳಿಗೆ ಹೆಸರುಂಟು, ಉಳಿದವಕ್ಕೆ ಬರೀ ಲೆಕ್ಕ.

1963ರ ಬ್ರಿಟನ್ನಿನಲ್ಲಿ ಹದಿಹರೆಯದವರು ಕೊಳ್ಳುತ್ತಿದ್ದುದು ‘ಸಿಂಗಲ್’ಗಳನ್ನು. ಏಳು ಇಂಚಿನ ಪುಟ್ಟ ತಟ್ಟೆ, ಬದಿಗೊಂದು ಹಾಡು. ಹನ್ನೆರಡು ಇಂಚಿನ ಎಲ್‌ಪಿ ದುಬಾರಿ ಸರಕು. ಅದರ ಮಾರಾಟ ಪಟ್ಟಿಯಲ್ಲಿ ಹಿರಿಯರು ಮೆಚ್ಚುವ ಚಲನಚಿತ್ರ ಹಾಗೂ ರಂಗಗೀತೆಗಳದ್ದೇ ಕಾರುಬಾರು. ಸಿಂಗಲ್ ಗೆಲ್ಲದ ಹೊಸಬರನ್ನು ನಂಬಿ ಆಲ್ಬಂಗೆ ಹಣ ಹೂಡುವ ಕಂಪನಿಗಳು ಅಪರೂಪವಾಗಿದ್ದವು.

1962ರಲ್ಲಿ ಡೆಕ್ಕಾ ಕಂಪನಿಯಿಂದ ತಿರಸ್ಕೃತರಾದ ಈ ಲಿವರ್‌ಪೂಲ್ ಹುಡುಗರನ್ನು ಸೇರಿಸಿಕೊಂಡವರು ಇಎಂಐ ಸಮೂಹದ ಪಾರ್ಲೋಫೋನ್ ವಿಭಾಗದ ಮುಖ್ಯಸ್ಥ ಜಾರ್ಜ್ ಮಾರ್ಟಿನ್. ಆ ಅಕ್ಟೋಬರ್‌ನಲ್ಲಿ ಬಂದ ‘ಲವ್ ಮಿ ಡೂ’ 17ನೇ ಸ್ಥಾನಕ್ಕೆ ಏರಿ ನಿಂತಿತು. ಎರಡನೆಯ ಹಾಡು ‘ಪ್ಲೀಸ್ ಪ್ಲೀಸ್ ಮಿ’ ಮೂಲತಃ ನಿಧಾನಗತಿಯದು. ವೇಗ ಹೆಚ್ಚಿಸುವಂತೆ ಮಾರ್ಟಿನ್ ಸೂಚಿಸಿದರು. 1963ರ ಜನವರಿ 11ರಂದು ಬಿಡುಗಡೆಯಾದ ಅದು ಪ್ರಮುಖ ಸಂಗೀತ ವಾರಪತ್ರಿಕೆಗಳ ಪಟ್ಟಿಗಳಲ್ಲಿ ಅಗ್ರಸ್ಥಾನ ಪಡೆಯಿತು. (ಮುಂದೆ ಅಧಿಕೃತವೆಂದು ಪರಿಗಣಿತವಾದ ಪಟ್ಟಿಯಲ್ಲಿ ಮಾತ್ರ ಎರಡನೇ ಸ್ಥಾನ. ತಂಡದ ಮೊದಲ ‘ನಂಬರ್ ಒನ್’ ಯಾವುದು ಎಂಬ ವಾದ ಅಭಿಮಾನಿಗಳಲ್ಲಿ ಇಂದಿಗೂ ನಿಂತಿಲ್ಲ.)

ಹಿಟ್ ಹಾಡಿನ ಆಯಸ್ಸು ಕೆಲವೇ ವಾರ. ಬಿಸಿ ಆರುವ ಮೊದಲು ಆಲ್ಬಂ ಅಂಗಡಿಗೆ ಬರಬೇಕಿತ್ತು. ತಂಡ ನಿತ್ಯ ಹಾಡುತ್ತಿದ್ದ ಲಿವರ್‌ಪೂಲ್‌ನ ಕ್ಯಾವರ್ನ್ ಕ್ಲಬ್ಬಿನಲ್ಲೇ ಧ್ವನಿಮುದ್ರಿಸುವ ಯೋಚನೆ ಮಾರ್ಟಿನ್‌ಗಿತ್ತು. ಅಲ್ಲಿನ ನೆಲಮಾಳಿಗೆಯ ಧ್ವನಿ ಗುಣ ಹೊಂದಲಿಲ್ಲ. ಬದಲಿಗೆ ಫೆಬ್ರವರಿ 11ರಂದು ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋಗೆ ಕರೆಸಿ, ವೇದಿಕೆಯಲ್ಲಿ ಹಾಡುವುದನ್ನೇ ಇಲ್ಲೂ ಹಾಡಿರೆಂದರು. ಬೆಳಿಗ್ಗೆ ಹತ್ತಕ್ಕೆ ಕುಳಿತವರು ಏಳುವಾಗ ರಾತ್ರಿ ಹನ್ನೊಂದು ಸಮೀಪಿಸಿತ್ತು. ಆಲ್ಬಂನ ಹತ್ತು ಹಾಡುಗಳು ಅಷ್ಟರಲ್ಲಿ ಮುಗಿದಿದ್ದವು. ನಾಲ್ಕು ಸ್ವಂತದ್ದು, ಆರು ಇತರರದು. ವೆಚ್ಚ ಸುಮಾರು 400 ಪೌಂಡ್. ಎರಡು ಸಿಂಗಲ್‌ಗಳ ನಾಲ್ಕು ಹಾಡು ಸೇರಿ ಒಟ್ಟು 14.

ಜಾನ್ ಲೆನನ್‌ಗೆ ಅಂದು ನೆಗಡಿ. ಗಂಟಲು ಹರಿಯುವಂತೆ ಕೂಗಬೇಕಾದ ‘ಟ್ವಿಸ್ಟ್ ಆ್ಯಂಡ್ ಶೌಟ್’ ಅನ್ನು ಕೊನೆಗೆ ಇಟ್ಟುಕೊಂಡದ್ದು ಅದಕ್ಕಾಗಿಯೇ. ಮೊದಲ ಯತ್ನದಲ್ಲೇ ಸಿಕ್ಕಿದ್ದು ಆಲ್ಬಂ ಸೇರಿತು. ಆ ಒರಟು ದನಿಯನ್ನು ತಿಂಗಳುಗಟ್ಟಲೆ ತಿದ್ದಲು ಅವಕಾಶವಿದ್ದಿದ್ದರೆ ಹಾಡು ಕೆಡುತ್ತಿತ್ತೆಂದೇ ತೋರುತ್ತದೆ.

39 ದಿನಗಳ ಬಳಿಕ, ಮಾರ್ಚ್ 22ರಂದು ಆಲ್ಬಂ ಬಿಡುಗಡೆ. ಮೇ ತಿಂಗಳಲ್ಲಿ ಅಗ್ರಸ್ಥಾನಕ್ಕೇರಿ 30 ವಾರ ಅಲ್ಲೇ ಕುಳಿತಿತು. ಕೊನೆಗೆ ಅದನ್ನು ಕೆಳಗಿಳಿಸಿದ್ದು ಇದೇ ತಂಡದ ಎರಡನೇ ಆಲ್ಬಂ. ಆ ಎರಡನೆಯದರಲ್ಲಿ ಬ್ರಿಟನ್ನಿನಲ್ಲಿ ಸಿಂಗಲ್ ಆಗಿ ಬಂದಿದ್ದ ಒಂದು ಹಾಡೂ ಇರಲಿಲ್ಲ. ಒಂಬತ್ತು ತಿಂಗಳಲ್ಲಿ ಸಿಂಗಲ್‌ನ ಊರುಗೋಲು ಬೇಡವಾಗಿತ್ತು.

ಗಳಿಕೆಯ ಕಥೆ ಬೇರೆ. ಇಎಂಐ ಒಪ್ಪಂದದಂತೆ ಪ್ರತಿ ಸಿಂಗಲ್‌ಗೆ ತಂಡಕ್ಕೆ ದಕ್ಕುತ್ತಿದ್ದುದು ಒಂದು ಪೆನ್ನಿ. ಆಗ ಪೌಂಡಿಗೆ 240 ಪೆನ್ನಿ. ಆ ಒಂದರಲ್ಲೇ ನಾಲ್ವರಿಗೂ ಪಾಲು, ವ್ಯವಸ್ಥಾಪಕ ಬ್ರಯಾನ್ ಎಪ್‌ಸ್ಟೀನ್ ಅವರಿಗೆ ಕಮಿಷನ್. ಇದಕ್ಕಿಂತ ದುಬಾರಿಯಾದದ್ದು ಅದೇ ಫೆಬ್ರವರಿಯಲ್ಲಿ ಹುಟ್ಟಿದ ‘ನಾರ್ದರ್ನ್ ಸಾಂಗ್ಸ್’. ಲೆನನ್ ಮತ್ತು ಪಾಲ್ ಮೆಕ್‌ಕಾರ್ಟ್ನಿ ಬರೆಯುವ ಹಾಡುಗಳ ಹಕ್ಕಿಗಾಗಿ ಸ್ಥಾಪನೆಯಾದ ಈ ಕಂಪನಿಯಲ್ಲಿ ಸುಮಾರು ಅರ್ಧ ಪಾಲು ಪ್ರಕಾಶಕ ಡಿಕ್ ಜೇಮ್ಸ್ ಮತ್ತು ಅವರ ಪಾಲುದಾರನದು. 1969ರಲ್ಲಿ ಕಂಪನಿ ಎಟಿವಿ ಸಂಸ್ಥೆಯ ವಶವಾಯಿತು. 1985ರಲ್ಲಿ ಆ ಸಂಗೀತ ವಿಭಾಗವನ್ನು ಮೈಕೆಲ್ ಜಾಕ್ಸನ್ 4.75 ಕೋಟಿ ಡಾಲರ್‌ಗೆ ಕೊಂಡರು. ತಾವು ಬರೆದ ಹಾಡಿನ ಹಕ್ಕು ಕೈಯಿಂದ ಕೈಗೆ ದಾಟುವುದನ್ನು ಮೆಕ್‌ಕಾರ್ಟ್ನಿ ನೋಡಬೇಕಾಯಿತು.

‘ಲವ್ ಮಿ ಡೂ’ ಮತ್ತು ಅದರ ಹಿಂಬದಿಯ ಹಾಡು ಮಾತ್ರ ಬೇರೊಬ್ಬ ಪ್ರಕಾಶಕರ ಬಳಿ ಇದ್ದವು. 17ನೇ ಸ್ಥಾನದಲ್ಲೇ ಉಳಿದ ಆ ಸಿಂಗಲ್‌ನ ಎರಡು ಹಾಡುಗಳ ಹಕ್ಕನ್ನು ಮೆಕ್‌ಕಾರ್ಟ್ನಿಯವರ ಸ್ವಂತ ಕಂಪನಿ ಮುಂದೆ ಪಡೆದುಕೊಂಡಿತು.