ಹಳೆಯ ಟ್ರ್ಯಾಕ್ಟರಿನ ಹೊಗೆಕೊಳವೆ: ಮೇಲಕ್ಕೋ, ಕೆಳಕ್ಕೋ?



ಹಳೆಯ ಟ್ರ್ಯಾಕ್ಟರಿನ ಸೈಲೆನ್ಸರ್ ಒಂದಲ್ಲ ಒಂದು ದಿನ ತುಕ್ಕು ಹಿಡಿದು ತೂತು ಬೀಳುತ್ತದೆ. ಹೊಸದು ಹಾಕಿಸಲು ಹೋದಾಗ ಮೆಕ್ಯಾನಿಕ್ ಕೇಳುವ ಪ್ರಶ್ನೆ ಒಂದೇ: "ಮೇಲಕ್ಕೆ ನಿಲ್ಲಿಸಲೋ, ಕೆಳಗಿನಿಂದ ಹಿಂದಕ್ಕೆ ಒಯ್ಯಲೋ?" ಬಹಳ ಮಂದಿ ಅಂಗಡಿಯಲ್ಲಿ ಸಿಕ್ಕಿದ್ದನ್ನೇ ಹಾಕಿಸಿಕೊಂಡು ಬರುತ್ತಾರೆ. ಆದರೆ ಬಣವೆಯ ಕ್ಷೇಮ, ಎಂಜಿನ್ನಿನ ಆಯುಷ್ಯ, ಹಿಂದೆ ನಿಂತು ದುಡಿಯುವವರ ಆರೋಗ್ಯ ಈ ಮೂರೂ ಆ ಕೊಳವೆಯ ದಿಕ್ಕಿಗೆ ಸಂಬಂಧಪಟ್ಟಿವೆ. ಆದ್ದರಿಂದ ಹಣ ಕೊಡುವ ಮೊದಲು ಸ್ವಲ್ಪ ಯೋಚಿಸುವುದು ಒಳ್ಳೆಯದು.

ಎರಡು ಬಗೆ ಏಕೆ?

ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1946ರಿಂದ 1956ರವರೆಗೆ ತಯಾರಾದ ಫರ್ಗುಸನ್ ಟಿಇ-20 ಟ್ರ್ಯಾಕ್ಟರಿನಲ್ಲಿ ಹೊಗೆಕೊಳವೆ ಸಾಮಾನ್ಯವಾಗಿ ಎಂಜಿನ್ನಿನ ಪಕ್ಕದಿಂದ ಕೆಳಗಿಳಿದು ಹಿಂದಕ್ಕೆ ಹೋಗುತ್ತಿತ್ತು. ಹಣ್ಣಿನ ಮರಗಳ ಕೆಳಗೆ, ತಗ್ಗು ಬಾಗಿಲಿನ ಕೊಟ್ಟಿಗೆಯೊಳಗೆ ಹೋಗಿ ಬರಲು ಅದು ಅನುಕೂಲ. ಬೇಕೆಂದವರಿಗೆ ನೇರವಾಗಿ ಮೇಲೆ ನಿಲ್ಲುವ ಕೊಳವೆಯೂ ಸಿಗುತ್ತಿತ್ತು. ಇದೇ ವಂಶದ ಮ್ಯಾಸಿ ಫರ್ಗುಸನ್ ಟ್ರ್ಯಾಕ್ಟರುಗಳನ್ನು ನಮ್ಮ ದೇಶದಲ್ಲಿ ತಯಾರಿಸಿದ್ದು 1960ರಲ್ಲಿ ಮದರಾಸಿನಲ್ಲಿ ಸ್ಥಾಪನೆಯಾದ ಟಾಫೆ ಕಂಪನಿ. 1963ರಲ್ಲಿ ಮಹೀಂದ್ರದವರು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸಹಯೋಗ ಮಾಡಿಕೊಂಡು, ಮುಂದೆ ಬಿ-275 ತಯಾರಿಸಿದರು. 1971ರಲ್ಲಿ ಪಿಂಜೋರಿನಲ್ಲಿ ಎಚ್‌ಎಂಟಿಯವರು ಜೆಟರ್ ಮಾದರಿಯನ್ನು ತಂದರು. ಇಂತಹ ಹಳೆಯ ಮಾದರಿಗಳು ಇಂದಿಗೂ ಕೆಲವು ಊರುಗಳಲ್ಲಿ ದುಡಿಯುತ್ತಿವೆ. ಅವುಗಳ ಮಾಲೀಕರಿಗಾಗಿಯೇ ಈ ಲೇಖನ.

ಮೇಲು ಕೊಳವೆಯ ಗುಣ-ದೋಷ

ಮೇಲು ಕೊಳವೆಯ ಮೊದಲ ಗುಣವೆಂದರೆ ಹೊಗೆ ತಲೆಯ ಮೇಲೆ ಹೋಗುತ್ತದೆ. ಕೂರಿಗೆಯ ಹಿಂದೆ ನಡೆಯುವವರಿಗೆ, ಒಕ್ಕುವ ಯಂತ್ರಕ್ಕೆ ತೆನೆ ಕೊಡುವವರಿಗೆ ಅದು ನೇರವಾಗಿ ಮುಖಕ್ಕೆ ಬಡಿಯುವುದಿಲ್ಲ. ಡೀಸೆಲ್ ಹೊಗೆಯಿಂದ ಮನುಷ್ಯರಿಗೆ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಘೋಷಿಸಿದೆ. ಇದನ್ನು ಹಗುರವಾಗಿ ಕಾಣಬೇಡಿ.

ಎರಡನೆಯ ಗುಣ, ಹೊಗೆ ನಿಮ್ಮ ಕಣ್ಣೆದುರಿಗೇ ಇರುತ್ತದೆ. ಕಪ್ಪು ಹೊಗೆ ಬಂದರೆ ಭಾರ ಹೆಚ್ಚಾಗಿದೆ, ಗಾಳಿಶೋಧಕ ಕಟ್ಟಿದೆ ಅಥವಾ ಇಂಜೆಕ್ಟರ್ ಕೆಟ್ಟಿದೆ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೇ ಸಿಲಿಂಡರಿಗೆ ನೀರು ಇಳಿಯುತ್ತಿದೆ. ಹಳೆಯ ಎಂಜಿನ್ನಿಗೆ ಹೊಗೆಯೇ ನಾಡಿ. ಕೊಳವೆ ಹಿಂದೆ, ಕೆಳಗೆ ಇದ್ದರೆ ಆ ನಾಡಿ ನೋಡುವುದು ತಪ್ಪಿಹೋಗುತ್ತದೆ.

ಮೂರನೆಯದಾಗಿ, ಸಿರುಗುಪ್ಪ, ಗಂಗಾವತಿ ಕಡೆಯ ಕೆಸರುಗದ್ದೆಗಳಲ್ಲಿ ಕೇಜ್‌ವೀಲ್ ಕಟ್ಟಿ ರೊಳ್ಳೆ ಹೊಡೆಯುವಾಗ ಮೇಲು ಕೊಳವೆಗೆ ನೀರು, ಕೆಸರಿನ ಭಯವಿಲ್ಲ.

ಇನ್ನು ದೋಷಗಳು. ತೆರೆದ ಬಾಯಿಯ ಕೊಳವೆಗೆ ಮಳೆ ನೀರು ಇಳಿದರೆ ಅದು ಮ್ಯಾನಿಫೋಲ್ಡ್ ದಾಟಿ, ತೆರೆದಿರುವ ವಾಲ್ವಿನ ಮೂಲಕ ಸಿಲಿಂಡರ್ ಸೇರಬಹುದು. ವಾಲ್ವು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಇನ್ನೂ ದೊಡ್ಡ ಅಪಾಯವಿದೆ. ನೀರು ಗಾಳಿಯಂತೆ ಕುಗ್ಗುವುದಿಲ್ಲ. ನೀರು ತುಂಬಿದ ಸಿಲಿಂಡರನ್ನು ಸ್ಟಾರ್ಟರಿನಿಂದ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗಿಹೋಗಬಹುದು. ಮಳೆಯಲ್ಲಿ ನೆನೆದ ಗಾಡಿಯ ಬಗ್ಗೆ ಅನುಮಾನವಿದ್ದರೆ ಸ್ಟಾರ್ಟ್ ಮಾಡಬೇಡಿ. ಇಂಜೆಕ್ಟರುಗಳನ್ನು ಬಿಚ್ಚಿಸಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ ನೀರು ಹೊರಹಾಕಿಸಿ. ಇದಕ್ಕಿಂತ ಸುಲಭ ಮೊದಲೇ ಕೊಳವೆಯ ತುದಿಗೆ ತೂಗುಮುಚ್ಚಳ ಹಾಕಿಸುವುದು. ಅದು ಸಿಗುವವರೆಗೆ, ಗಾಡಿ ನಿಲ್ಲಿಸಿ ಕೊಳವೆ ಆರಿದ ಮೇಲೆ ಒಂದು ಡಬ್ಬಿಯನ್ನು ಬೋರಲು ಹಾಕಿದರೂ ಸರಿ. ಸ್ಟಾರ್ಟ್ ಮಾಡುವ ಮುನ್ನ ಅದನ್ನು ತೆಗೆಯಲು ಮಾತ್ರ ಮರೆಯಬಾರದು.

ಮೇಲು ಕೊಳವೆಯ ಸದ್ದು ಚಾಲಕನ ಕಿವಿಗೆ ಹತ್ತಿರ. 85 ಡೆಸಿಬಲ್ ಮೀರಿದ ಸದ್ದಿನಲ್ಲಿ ದಿನವೂ ಎಂಟು ಗಂಟೆ ದುಡಿದರೆ ಕಿವಿ ಕ್ರಮೇಣ ಮಂದವಾಗುತ್ತದೆ. ತೂತು ಬಿದ್ದ ಸೈಲೆನ್ಸರಿನ ಹಳೆಯ ಟ್ರ್ಯಾಕ್ಟರು ಈ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಸೈಲೆನ್ಸರ್ ಇಲ್ಲದ ಬರಿಯ ಕೊಳವೆ ನಿಲ್ಲಿಸಿ "ಪವರ್ ಹೆಚ್ಚುತ್ತದೆ" ಎನ್ನುವವರ ಮಾತು ಕೇಳಬೇಡಿ. ಹೋಗುವುದು ನಿಮ್ಮ ಕಿವಿ.

ಕೆಳ ಕೊಳವೆ ಯಾರಿಗೆ?

ಶ್ರೀನಿವಾಸಪುರದ ಮಾವಿನ ತೋಪು, ವಿಜಯಪುರದ ದ್ರಾಕ್ಷಿ ಚಪ್ಪರ, ಮಲೆನಾಡಿನ ಅಡಿಕೆ ತೋಟ ಇವುಗಳಲ್ಲಿ ವರ್ಷದ ಹೆಚ್ಚು ಕಾಲ ಓಡುವ ಟ್ರ್ಯಾಕ್ಟರಿಗೆ ಕೆಳ ಕೊಳವೆಯೇ ಲೇಸು. ಮೇಲು ಕೊಳವೆ ಕೊಂಬೆಗೆ ತಗಲಿದರೆ ಕಾಯಿ ಉದುರುತ್ತದೆ, ಎಲೆ ಸುಡುತ್ತದೆ. ಕೊಳವೆ ಬಾಗಿ ಬುಡದ ಮ್ಯಾನಿಫೋಲ್ಡೇ ಬಿರುಕು ಬಿಡಬಹುದು.

ಆದರೆ ಕೆಳ ಕೊಳವೆ ಹಾಕಿಸಿದವರು ಮೂರು ಎಚ್ಚರ ವಹಿಸಬೇಕು. ಕೊಳವೆಯ ಬಾಯಿ ಕೆಸರಿನಿಂದ ಕಟ್ಟದಂತೆ ದಿನವೂ ನೋಡಬೇಕು. ಹೊಗೆ ಹಿಂದಿನವರ ಕಡೆಗೆ ಹೋಗದಂತೆ ತುದಿಯನ್ನು ಪಕ್ಕಕ್ಕೆ ತಿರುಗಿಸಬೇಕು. ಎತ್ತರದ ಒಣ ಹುಲ್ಲಿನ ಮೇಲೆ ಗಾಡಿ ನಿಲ್ಲಿಸಿ ಎಂಜಿನ್ ಓಡಿಸಬಾರದು.

ಬೆಂಕಿಯ ಭಯ

ಭಾರದ ಕೆಲಸದಲ್ಲಿ ಎಂಜಿನ್ನಿನಿಂದ ಹೊರಬರುವ ಹೊಗೆ 400-500 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. ಒಣ ಹುಲ್ಲು, ಹೊಟ್ಟು, ಕಬ್ಬಿನ ರವದಿ ಹೊತ್ತಿಕೊಳ್ಳಲು ಇಷ್ಟು ಶಾಖ ಬೇಕಾಗಿಲ್ಲ. ಎರಡು ಬಗೆಯ ಕೊಳವೆಗಳಿಂದಲೂ ಬೆಂಕಿಯ ಅಪಾಯವುಂಟು, ದಾರಿ ಮಾತ್ರ ಬೇರೆ. ಕೆಳ ಕೊಳವೆಯ ಮೇಲೆ ಹೊಟ್ಟು ಕೂತು ಹೊತ್ತಿಕೊಳ್ಳುತ್ತದೆ. ಮೇಲು ಕೊಳವೆಯಿಂದ ಹಾರಿದ ಕಿಡಿ ಹಿಂದಿನ ಟ್ರೇಲರಿನ ಹುಲ್ಲಿನ ಮೇಲೆ ಬೀಳುತ್ತದೆ. ಬಹಳ ಹೊತ್ತು ನಿಧಾನವಾಗಿ ಓಡಿದ ಎಂಜಿನ್ನಿನ ಸೈಲೆನ್ಸರಿನಲ್ಲಿ ಮಸಿ ಕಟ್ಟುತ್ತದೆ. ಒಮ್ಮೆಲೇ ಭಾರ ಬಿದ್ದಾಗ ಆ ಮಸಿಯೇ ಕೆಂಡವಾಗಿ ಹೊರಹಾರುತ್ತದೆ. ಆದ್ದರಿಂದ ಸುಗ್ಗಿಗೆ ಮುನ್ನ ಸೈಲೆನ್ಸರ್ ಬಿಚ್ಚಿ, ಬಡಿದು, ಮಸಿ ಉದುರಿಸಿ. ಕಿಡಿ ತಡೆಯುವ ಸ್ಪಾರ್ಕ್ ಅರೆಸ್ಟರ್ ಹಾಕಿಸಿ.

ಕಣದಲ್ಲಿ ಒಕ್ಕುವಾಗ ಗಾಳಿಯನ್ನು ನೋಡಿ ಟ್ರ್ಯಾಕ್ಟರು ನಿಲ್ಲಿಸಿ. ಹೊಗೆ ಬಣವೆಯ ಕಡೆಗೆ ಹೋಗಬಾರದು, ಹೊಟ್ಟು ಟ್ರ್ಯಾಕ್ಟರಿನ ಮೇಲೆ ಬರಬಾರದು. ಎರಡು ಕೊಡ ನೀರು, ಒಂದು ಬುಟ್ಟಿ ಮರಳು, ನೆನೆಸಿದ ಗೋಣಿಚೀಲ ಕೈಗೆ ಸಿಗುವಂತಿರಲಿ. ವರ್ಷದ ಮೇವು ಸುಟ್ಟುಹೋಗಲು ಗಂಟೆ ಬೇಕಾಗಿಲ್ಲ.

ಬದಲಾಯಿಸುವಾಗ

ಒಂದು ಬಗೆಯಿಂದ ಇನ್ನೊಂದಕ್ಕೆ ಹೋಗುವುದೆಂದರೆ ಕೊಳವೆ ತಿರುಗಿಸುವುದಷ್ಟೇ ಅಲ್ಲ. ಅನೇಕ ಮಾದರಿಗಳಲ್ಲಿ ಮ್ಯಾನಿಫೋಲ್ಡಿನ ಬಾಯಿಯೇ ಬೇರೆ ದಿಕ್ಕಿಗಿರುತ್ತದೆ. ಬೀಡು ಕಬ್ಬಿಣದ ಮ್ಯಾನಿಫೋಲ್ಡಿಗೆ ಕೊಳವೆ ತುಂಡು ಬೆಸುಗೆ ಹಾಕಿಸಿದರೆ ಕಾಯ್ದು ಆರುವಾಗ ಬಿರುಕು ಬಿಡುವ ಸಂಭವ ಹೆಚ್ಚು. ಆಯಾ ಮಾದರಿಯ ಮ್ಯಾನಿಫೋಲ್ಡನ್ನೇ ಕೊಳ್ಳಿ, ಗ್ಯಾಸ್ಕೆಟ್ ಹೊಸದು ಹಾಕಿಸಿ. ತುಕ್ಕು ಹಿಡಿದ ಸ್ಟಡ್ಡುಗಳಿಗೆ ಹಿಂದಿನ ದಿನವೇ ಎಣ್ಣೆ ಬಿಟ್ಟಿರಿ. ಬಲವಂತ ಮಾಡಿದರೆ ಮುರಿಯುತ್ತವೆ.

ಕೊಳವೆಯ ವ್ಯಾಸವನ್ನು ಕಿರಿದು ಮಾಡಬಾರದು, ಬಾಗು ಕಡಿಮೆ ಇರಬೇಕು. ಇಲ್ಲದಿದ್ದರೆ ಹೊಗೆ ಕಟ್ಟಿ ಶಕ್ತಿ ಕುಂದುತ್ತದೆ. ಡೀಸೆಲ್ ಪೈಪು, ವೈರುಗಳು ಕೊಳವೆಯಿಂದ ದೂರವಿರಲಿ. ಮೇಲು ಕೊಳವೆಯ ಬಾಯಿ ಗಾಳಿಶೋಧಕದ ಬಾಯಿಗಿಂತ ಎತ್ತರವಿರಲಿ, ಇಲ್ಲವಾದರೆ ಎಂಜಿನ್ ತನ್ನ ಮಸಿಯನ್ನೇ ಉಸಿರಾಡುತ್ತದೆ. ಕೆಳ ಕೊಳವೆಗೆ ಗಟ್ಟಿಯಾದ ಹಿಡಿಕೆ ಕೊಡಿಸಿ, ಬ್ರೇಕಿನ ಸರಳುಗಳಿಗೆ ತಾಗದಂತೆ ನೋಡಿ.

ಕೊನೆಯದಾಗಿ, ಕೊಳವೆ ಹೇಗೇ ಇರಲಿ, ಮುಚ್ಚಿದ ಮನೆಯೊಳಗೆ ಅಥವಾ ಕೊಟ್ಟಿಗೆಯಲ್ಲಿ ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು ಬಂದು ಮನುಷ್ಯ ಕುಸಿದು ಬೀಳುವವರೆಗೂ ಅದು ಗೊತ್ತಾಗುವುದಿಲ್ಲ.

ಒಟ್ಟಿನಲ್ಲಿ ಬಯಲು ಹೊಲ, ಕೆಸರುಗದ್ದೆ ಮತ್ತು ಕಣದ ಕೆಲಸ ಹೆಚ್ಚಿರುವವರು ಮುಚ್ಚಳ, ಕಿಡಿತಡೆಗಳೊಂದಿಗೆ ಮೇಲು ಕೊಳವೆ ಹಾಕಿಸಿಕೊಳ್ಳಿ. ತೋಟದ ಕೆಲಸವೇ ಹೆಚ್ಚಾಗಿರುವವರು ಕೆಳ ಕೊಳವೆ ಇಟ್ಟುಕೊಂಡು, ಸುಗ್ಗಿಯಲ್ಲಿ ಆ ಗಾಡಿಯನ್ನು ಒಣ ಹುಲ್ಲಿನಿಂದ ದೂರವಿಡಿ. ನಿಮ್ಮ ಟ್ರ್ಯಾಕ್ಟರು ವರ್ಷದಲ್ಲಿ ಎಷ್ಟು ದಿನ ಎಲ್ಲಿ ದುಡಿಯುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಮೆಕ್ಯಾನಿಕ್ ಕೇಳುವ ಪ್ರಶ್ನೆಗೆ ಉತ್ತರ ಆ ಲೆಕ್ಕದಲ್ಲಿಯೇ ಸಿಗುತ್ತದೆ.