ಮೋಟಾರ್ ಸೈಕಲ್‌ಗೆ ಸ್ಪಾರ್ಕ್ ಪ್ಲಗ್: ಆಯ್ಕೆ ಹಾಗೂ ಜೋಡಣೆಯಲ್ಲಿ ಗಮನಿಸಬೇಕಾದ ಅಂಶಗಳು

ದ್ವಿಚಕ್ರ ವಾಹನದ ಬಿಡಿಭಾಗಗಳಲ್ಲಿ ಸ್ಪಾರ್ಕ್ ಪ್ಲಗ್ ಅಲ್ಪ ಬೆಲೆಯ ಸರಕು. ಆದರೆ ತಪ್ಪು ಪ್ಲಗ್ ಕೊಟ್ಟ ಅಂಗಡಿಗೆ ಬರುವ ದೂರು ಅಲ್ಪವಾದುದಲ್ಲ. ಬೈಕು ನಡುದಾರಿಯಲ್ಲಿ ನಿಂತರೆ ಗ್ರಾಹಕನು ತಯಾರಕರನ್ನು ಹುಡುಕಿಕೊಂಡು ಹೋಗುವುದಿಲ್ಲ. ಪ್ಲಗ್ ಕೊಟ್ಟ ಅಂಗಡಿಗೇ ಹಿಂದಿರುಗುತ್ತಾನೆ. ಮಂಡ್ಯ, ಮದ್ದೂರು, ಮಳವಳ್ಳಿಯಂತಹ ಊರುಗಳಲ್ಲಿ ವ್ಯಾಪಾರವು ಮುಖಪರಿಚಯದ ಮೇಲೆ ನಡೆಯುವುದರಿಂದ ಇಂತಹ ಒಂದು ದೂರು ಹತ್ತು ಗ್ರಾಹಕರ ಕಿವಿಗೆ ಬೀಳುತ್ತದೆ. ‘ಪರ್ಫಾರ್ಮೆನ್ಸ್ ಪ್ಲಗ್’ ಎಂಬ ಹೆಸರಿನಿಂದ ಮಾರಾಟವಾಗುವ ಸರಕಿನ ವಿಷಯದಲ್ಲಿ ಈ ಎಚ್ಚರ ಇನ್ನಷ್ಟು ಅಗತ್ಯ.

ಮೊದಲಿಗೆ ಸ್ಪಷ್ಟಪಡಿಸಬೇಕಾದ ಸಂಗತಿಯೆಂದರೆ, ಪ್ಲಗ್ ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸುವ ಸಾಧನವಲ್ಲ. ಮಿಶ್ರಣಕ್ಕೆ ತಕ್ಕ ಕ್ಷಣದಲ್ಲಿ ತಪ್ಪದೆ ಕಿಡಿ ಕೊಡುವುದಷ್ಟೇ ಅದರ ಕೆಲಸ. ಸುಸ್ಥಿತಿಯಲ್ಲಿರುವ ಸಾಮಾನ್ಯ ಪ್ಲಗ್ ತೆಗೆದು ದುಬಾರಿ ಪ್ಲಗ್ ಹಾಕಿದರೆ ಅಶ್ವಶಕ್ತಿ ಏರುವುದಿಲ್ಲ. ಸವೆದ ಪ್ಲಗ್ ತೆಗೆದು ಹೊಸದನ್ನು ಹಾಕಿದಾಗ ಎಳೆತ ಸುಧಾರಿಸಿದಂತೆ ಕಾಣುವುದು ನಿಜ, ಆದರೆ ಆ ಸುಧಾರಣೆ ಸಾಮಾನ್ಯ ಹೊಸ ಪ್ಲಗ್ಗಿನಿಂದಲೂ ದೊರೆಯುತ್ತದೆ.

ಹಾಗೆಂದು ಇರಿಡಿಯಂ ಪ್ಲಗ್ ವ್ಯರ್ಥವೆಂದು ಹೇಳಲಾಗದು. ನಿಕ್ಕಲ್ 1455 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಇರಿಡಿಯಂ ಕರಗಲು ಸುಮಾರು 2446 ಡಿಗ್ರಿ ಬೇಕು. ಆದುದರಿಂದ ಸಾಮಾನ್ಯ ಪ್ಲಗ್ಗಿನಲ್ಲಿ ಸುಮಾರು 2.5 ಮಿ.ಮೀ. ದಪ್ಪವಿರುವ ಮಧ್ಯದ ಕಡ್ಡಿಯನ್ನು ಇರಿಡಿಯಂನಲ್ಲಿ 0.6 ಮಿ.ಮೀ. ಅಥವಾ ಅದಕ್ಕಿಂತ ಸಣ್ಣದಾಗಿ ಮಾಡಲು ಸಾಧ್ಯವಾಗಿದೆ. ತುದಿ ಸಣ್ಣದಾದಷ್ಟೂ ಕಡಿಮೆ ವೋಲ್ಟೇಜಿನಲ್ಲಿ ಕಿಡಿ ಹಾರುತ್ತದೆ. ತುದಿ ನಿಧಾನವಾಗಿ ಸವೆಯುತ್ತದೆ. ಚಳಿಯ ಬೆಳಗಿನಲ್ಲಿ ಸುಲಭವಾಗಿ ಸ್ಟಾರ್ಟ್ ಆಗುವುದು ಮತ್ತು ದೀರ್ಘ ಬಾಳಿಕೆ, ಈ ಎರಡನ್ನು ಹೇಳಿ ಮಾರಿದರೆ ಮಾತು ಉಳಿಯುತ್ತದೆ. ವೇಗದ ಆಸೆ ತೋರಿಸಿ ಮಾರಿದರೆ ಉಳಿಯುವುದಿಲ್ಲ.

ಹೆಚ್ಚಿನ ತಪ್ಪುಗಳು ನಡೆಯುವುದು ಲೋಹದ ಆಯ್ಕೆಯಲ್ಲಲ್ಲ, ಹೀಟ್ ರೇಂಜಿನ ಆಯ್ಕೆಯಲ್ಲಿ. ‘ಬಿಸಿ’ ಪ್ಲಗ್ ಎಂದರೆ ಬಿಸಿಯಾದ ಕಿಡಿ ಕೊಡುವ ಪ್ಲಗ್ ಎಂದಲ್ಲ. ತನ್ನ ತುದಿಯ ಶಾಖವನ್ನು ಸಿಲಿಂಡರ್ ಹೆಡ್ಡಿಗೆ ನಿಧಾನವಾಗಿ ಬಿಟ್ಟುಕೊಡುವುದು ಬಿಸಿ ಪ್ಲಗ್, ಬೇಗ ಬಿಟ್ಟುಕೊಡುವುದು ತಣ್ಣನೆಯ ಪ್ಲಗ್. ತುದಿಯ ಪಿಂಗಾಣಿ ಸುಮಾರು 450ರಿಂದ 870 ಡಿಗ್ರಿಗಳ ನಡುವೆ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಮಸಿ ಸುಟ್ಟುಹೋಗದೆ ಪಿಂಗಾಣಿಗೆ ಅಂಟಿಕೊಂಡು ಕಿಡಿ ತಪ್ಪುತ್ತದೆ. ಹೆಚ್ಚಾದರೆ ಕಿಡಿಗೆ ಮುಂಚೆಯೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ನಿಗೆ ಹಾನಿಯಾಗುತ್ತದೆ.

‘ರೇಸಿಂಗ್’ ಎಂಬ ಹೆಸರಿನ ಪ್ಲಗ್ಗುಗಳು ಸಾಮಾನ್ಯವಾಗಿ ತಣ್ಣನೆಯವು. ಎಡೆಬಿಡದೆ ಪೂರ್ಣ ಥ್ರಾಟಲ್‌ನಲ್ಲಿ ಓಡುವ ಎಂಜಿನ್ನಿಗೆ ಅವು ತಕ್ಕವು. ಈ ಜಿಲ್ಲೆಯ ಬೈಕುಗಳ ಕೆಲಸವೇ ಬೇರೆ. ಹಾಲಿನ ಕ್ಯಾನು, ಮೇವಿನ ಹೊರೆ, ಎಳನೀರಿನ ಗೊನೆ ಹೇರಿಕೊಂಡು ನಾಲೆಯ ಏರಿಯ ಮೇಲೆ ಎರಡನೆಯ, ಮೂರನೆಯ ಗೇರಿನಲ್ಲಿ ಸಾಗುವ ವಾಹನಗಳೇ ಬಹಳ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದರೂ, ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ನಿಷೇಧ ಜಾರಿಗೆ ಬಂದಿತು. ಬೈಕುಗಳು ಸರ್ವಿಸ್ ರಸ್ತೆಯಲ್ಲೇ ನಿಂತು ನಿಂತು ಹೋಗಬೇಕು. ಇಂತಹ ಓಡಾಟದಲ್ಲಿ ತಣ್ಣನೆಯ ಪ್ಲಗ್ ಹಾಕಿದರೆ ಕೆಲವೇ ದಿನಗಳಲ್ಲಿ ಮಸಿ ಹಿಡಿಯುವ ಸಂಭವವುಂಟು. ತಯಾರಕರು ಸೂಚಿಸಿದ ಹೀಟ್ ರೇಂಜನ್ನೇ ಕೊಡುವುದು ಕ್ಷೇಮ. ಗ್ರಾಹಕನು ಇರಿಡಿಯಂ ಬಯಸಿದರೆ ಅದೇ ರೇಂಜಿನ ಇರಿಡಿಯಂ ಕೊಡಬಹುದು.

ಈ ರೇಂಜನ್ನು ತೋರಿಸುವ ಅಂಕಿಯನ್ನು ಓದುವಲ್ಲಿ ಹಳೆಯ ವರ್ತಕರೂ ಎಡವುತ್ತಾರೆ. ಎನ್‌ಜಿಕೆ ಪ್ಲಗ್ಗುಗಳಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಣ್ಣಗಿರುತ್ತದೆ. ಬಾಷ್‌ನಲ್ಲಿ ಇದು ತಿರುಗುಮುರುಗು: ಅಂಕಿ ಸಣ್ಣದಾದಷ್ಟೂ ತಣ್ಣಗೆ. ಗೊಂದಲ ಇಲ್ಲಿಗೇ ನಿಲ್ಲುವುದಿಲ್ಲ. ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಗೊಂಡು 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಮೈಕೋ ಸಂಸ್ಥೆಯ ಹಳೆಯ ಪ್ಲಗ್ಗುಗಳಲ್ಲಿ 175, 225 ಎಂಬ ಮೂರಂಕಿಯ ಸಂಖ್ಯೆಗಳಿದ್ದವು. ಅಲ್ಲಿ ದೊಡ್ಡ ಸಂಖ್ಯೆಯೇ ತಣ್ಣನೆಯದು. ಹಳೆಯ ಡಬ್ಲ್ಯೂ 175 ಟಿ 1ಕ್ಕೆ ಈಗಿನ ಡಬ್ಲ್ಯೂ 7 ಎ ಸರಿಸಮ. ಎನ್‌ಜಿಕೆಯಲ್ಲಿ ಅದಕ್ಕೆ ಸಮೀಪದ್ದು ಬಿ 6 ಎಚ್‌ಎಸ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅದರ ಯೆಜ್ಡಿ ಬೈಕುಗಳನ್ನು ಮುದ್ದಿನಿಂದ ಕಾಪಾಡಿಕೊಂಡವರು ಈ ಭಾಗದಲ್ಲಿ ಇದ್ದಾರೆ. ಅವರು ಹಳೆಯ ಮೈಕೋ ಸಂಖ್ಯೆಯನ್ನೇ ಹೇಳಿಕೊಂಡು ಬಂದಾಗ ಸಮಾನ ಸಂಖ್ಯೆಗಳ ಪಟ್ಟಿಯೊಂದು ಗಲ್ಲಾಪೆಟ್ಟಿಗೆಯ ಬಳಿ ತೂಗುತ್ತಿದ್ದರೆ ಅನುಕೂಲ.

ಅಳತೆಯ ವಿಷಯ ಸರಳ. ಎನ್‌ಜಿಕೆ ಸಂಕೇತದಲ್ಲಿ ಮೊದಲಕ್ಷರ ‘ಬಿ’ ಎಂದರೆ 14 ಮಿ.ಮೀ. ಥ್ರೆಡ್, ‘ಡಿ’ ಎಂದರೆ 12, ‘ಸಿ’ ಎಂದರೆ 10. ಅಂಕಿಯ ನಂತರದ ‘ಎಚ್’ ಎಂದರೆ ಥ್ರೆಡ್ಡಿನ ಉದ್ದ 12.7 ಮಿ.ಮೀ., ‘ಇ’ ಎಂದರೆ 19 ಮಿ.ಮೀ. ಉದ್ದದ ಪ್ಲಗ್ಗನ್ನು ಗಿಡ್ಡ ಹೆಡ್ಡಿಗೆ ಹಾಕಿದರೆ ಪಿಸ್ಟನ್ ತಗುಲಬಹುದು. ನಡುವೆ ಬರುವ ‘ಆರ್’ ಅಕ್ಷರ ರೆಸಿಸ್ಟರ್ ಇರುವುದನ್ನು ಸೂಚಿಸುತ್ತದೆ. 2020ರ ಏಪ್ರಿಲ್‌ನಿಂದ ಬಿಎಸ್ 6 ನಿಯಮ ಜಾರಿಯಾದ ಬಳಿಕ ಬಂದ ಇಂಧನ ಇಂಜೆಕ್ಷನ್ ಬೈಕುಗಳಿಗೆ ರೆಸಿಸ್ಟರ್ ಇಲ್ಲದ ಪ್ಲಗ್ ಕೊಡಲೇಬಾರದು. ಕಿಡಿಯ ವಿದ್ಯುತ್ ಗದ್ದಲವು ಎಂಜಿನ್ನಿನ ನಿಯಂತ್ರಣ ಘಟಕವನ್ನು ದಾರಿ ತಪ್ಪಿಸುತ್ತದೆ.

ಜೋಡಣೆಯನ್ನು ಎಂಜಿನ್ ಪೂರ್ಣ ತಣ್ಣಗಾದ ಮೇಲೆ ಮಾಡತಕ್ಕದ್ದು. ಹಳೆಯ ಪ್ಲಗ್ ಬಿಚ್ಚುವ ಮುನ್ನ ಸುತ್ತಲಿನ ಧೂಳನ್ನು ಊದಿ ತೆಗೆಯಬೇಕು. ಇಲ್ಲವಾದರೆ ಮಣ್ಣು ಸಿಲಿಂಡರಿಗೆ ಬೀಳುತ್ತದೆ. ಹೊಸ ಪ್ಲಗ್ಗನ್ನು ಕೊನೆಯವರೆಗೂ ಬೆರಳಿನಿಂದಲೇ ತಿರುಗಿಸಿ ಕೂರಿಸಬೇಕು. ಬಳಿಕ ಸ್ಪ್ಯಾನರಿನಿಂದ ಅರ್ಧ ಸುತ್ತು ಸಾಕು. ಮೊದಲೇ ಬಳಸಿದ ಪ್ಲಗ್ಗಾದರೆ ಸುತ್ತಿನ ಹನ್ನೆರಡನೆಯ ಒಂದು ಭಾಗ ಮಾತ್ರ. ಟಾರ್ಕ್ ವ್ರೆಂಚ್ ಇದ್ದಲ್ಲಿ ಅಲ್ಯೂಮಿನಿಯಂ ಹೆಡ್ಡಿಗೆ 14 ಮಿ.ಮೀ. ಪ್ಲಗ್ಗಾದರೆ 25ರಿಂದ 30 ನ್ಯೂಟನ್ ಮೀಟರ್, 10 ಮಿ.ಮೀ. ಪ್ಲಗ್ಗಾದರೆ 10ರಿಂದ 12 ಮಾತ್ರ. ಥ್ರೆಡ್ಡಿಗೆ ಗ್ರೀಸ್ ಹಚ್ಚಿದರೆ ಅದೇ ಬಲಕ್ಕೆ ಪ್ಲಗ್ ಅತಿಯಾಗಿ ಬಿಗಿಯುತ್ತದೆ. ಇರಿಡಿಯಂ ಪ್ಲಗ್ಗಿನ ಸಣ್ಣ ತುದಿಯ ಮೇಲೆ ಒತ್ತಡ ಬಿದ್ದರೆ ಅದು ಮುರಿಯುತ್ತದೆಯಾದ್ದರಿಂದ ಗ್ಯಾಪ್ ಸರಿಪಡಿಸಲು ಕೈಹಾಕದಿರುವುದೇ ಒಳಿತು. ಗ್ರಾಮಾಂತರ ಗ್ಯಾರೇಜುಗಳಲ್ಲಿ 10 ಮಿ.ಮೀ. ಥ್ರೆಡ್ ಕಿತ್ತುಹೋದ ಹೆಡ್ಡುಗಳಿಗೆ ಕೊರತೆಯಿಲ್ಲ. ನಿಖರವಾದ ಥ್ರೆಡ್ ಬುಷ್ ಕೂರಿಸಿಕೊಡುವ ಲೇತ್ ಘಟಕಕ್ಕೆ ಇದು ಕೈತುಂಬ ಕೆಲಸ, 10 ಮಿ.ಮೀ. ಥ್ರೆಡ್ಡಿನ ಪಿಚ್ 1.0, ಉಳಿದೆರಡರದು 1.25 ಎಂಬುದು ನೆನಪಿರಲಿ.

ಬಿಚ್ಚಿದ ಪ್ಲಗ್ಗಿನ ಬಣ್ಣ ನೋಡಿ ಎಂಜಿನ್ನಿನ ಆರೋಗ್ಯ ಹೇಳುವ ಮೆಕ್ಯಾನಿಕ್‌ಗಳು ಈಗ ಇನ್ನೊಂದು ಅಂಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿದೆ. ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಕಬ್ಬು ಬೆಳೆಯುವ ಈ ಜಿಲ್ಲೆಗೆ ಎಥನಾಲ್ ಅಪರಿಚಿತವಲ್ಲ. ಎಥನಾಲಿನಲ್ಲಿ ಆಮ್ಲಜನಕವಿರುವುದರಿಂದ ಹಳೆಯ ಕಾರ್ಬ್ಯುರೇಟರ್ ಬೈಕುಗಳಲ್ಲಿ ಮಿಶ್ರಣ ತೆಳುವಾಗಿ, ಮೊದಲು ನಸುಗಂದಾಗಿರುತ್ತಿದ್ದ ಪಿಂಗಾಣಿ ಬಿಳುಪಿಗೆ ತಿರುಗಬಹುದು. ಅದನ್ನು ಕಂಡೊಡನೆ ತಣ್ಣನೆಯ ಪ್ಲಗ್ ಬರೆದುಕೊಡುವುದು ಆತುರದ ಕ್ರಮ. ಮೊದಲು ಕಾರ್ಬ್ಯುರೇಟರಿನ ಜೆಟ್, ಗಾಳಿ ಸೋರಿಕೆ ನೋಡಬೇಕು.

ಕೊನೆಯದಾಗಿ ನಕಲಿ ಸರಕಿನ ಹಾವಳಿ. ಹೆಸರಾಂತ ಪ್ಲಗ್ಗುಗಳ ನಕಲುಗಳಲ್ಲಿ ಅಕ್ಷರಗಳು ಮಸುಕಾಗಿರುವುದು, ವಾಷರ್ ಸುಲಭವಾಗಿ ಕಳಚಿಬರುವುದು, ಬಾಗಿದ ಕಡ್ಡಿ ಮಧ್ಯದ ಕಡ್ಡಿಗೆ ನೇರವಾಗಿಲ್ಲದಿರುವುದು ಸಾಮಾನ್ಯ ಗುರುತು. ರೆಸಿಸ್ಟರ್ ಪ್ಲಗ್ಗಿನ ಮೇಲ್ತುದಿಯಿಂದ ಮಧ್ಯದ ಕಡ್ಡಿಯವರೆಗೆ ಮಲ್ಟಿಮೀಟರಿನಲ್ಲಿ ಅಳೆದರೆ ಸುಮಾರು 5 ಸಾವಿರ ಓಮ್ ತೋರಿಸಬೇಕು. ಶೂನ್ಯ ತೋರಿಸಿದರೆ ಒಳಗೆ ರೆಸಿಸ್ಟರೇ ಇಲ್ಲ. 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯ 104ನೆಯ ಕಲಮಿನಂತೆ ನಕಲಿ ಮುದ್ರೆಯ ಸರಕು ಮಾರಿದವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ ಹಾಗೂ 50,000 ರೂಪಾಯಿಯಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ತಯಾರಿಸಿದವನಿಗೆ ಮಾತ್ರವಲ್ಲ, ಅಂಗಡಿಯಲ್ಲಿ ಇಟ್ಟು ಮಾರಿದವನಿಗೂ ಇದು ಅನ್ವಯ. ತಕ್ಕ ಎಚ್ಚರ ವಹಿಸಿದ್ದಾಗಿಯೂ, ಸಂಶಯಕ್ಕೆ ಕಾರಣವಿರಲಿಲ್ಲವೆಂದೂ ರುಜುವಾತುಪಡಿಸಿ, ಸರಕು ಕೊಟ್ಟವರ ವಿವರ ಒದಗಿಸಿದ ವರ್ತಕನಿಗೆ ಅದೇ ಕಲಮಿನಲ್ಲಿ ರಕ್ಷಣೆಯೂ ಇದೆ. ಬಿಲ್ಲಿಲ್ಲದೆ ಚೀಲದಲ್ಲಿ ತಂದುಕೊಡುವ ಸರಕಿಗೆ ಆ ರಕ್ಷಣೆ ದೊರೆಯುವುದು ಕಷ್ಟ. ಆದ್ದರಿಂದ ಪ್ರತಿ ಖರೀದಿಗೂ ಜಿಎಸ್‌ಟಿ ಬಿಲ್ಲನ್ನು ಪಡೆದು, ಪೆಟ್ಟಿಗೆಯ ಮೇಲಿನ ಬ್ಯಾಚ್ ಸಂಖ್ಯೆಯನ್ನು ಅದರ ಮೇಲೆ ಬರೆದು ಫೈಲು ಮಾಡಿಡತಕ್ಕದ್ದು.